ಮನೆಯ ಲೆಕ್ಕಕ್ಕೆ ಇನ್ನೊಂದು ಜೊತೆ ಕಣ್ಣು

ನಮ್ಮ ಮನೆಗಳಲ್ಲಿ ಮಾತಿಗೆ ಬಾರದ ವಿಷಯವೇ ಇಲ್ಲವೆನ್ನಬಹುದು. ಊರಿನ ಮಳೆ, ತಂಗಿಯ ಮಗಳ ಮದುವೆ, ಮೇಲಿನ ಮಹಡಿಯವರ ನೀರಿನ ಜಗಳ, ಅತ್ತೆಯವರ ಮೊಣಕಾಲು ನೋವು, ಎಲ್ಲವೂ ಊಟದ ಹೊತ್ತಿಗೆ ಒಂದು ಸುತ್ತು ಬಂದು ಹೋಗುತ್ತವೆ. ಆದರೆ ಮನೆಯ ಹಣ ಎಲ್ಲೆಲ್ಲಿದೆ, ಯಾರ ಹೆಸರಿನಲ್ಲಿದೆ, ಕೊಡಬೇಕಾದದ್ದೆಷ್ಟು, ಬರಬೇಕಾದದ್ದೆಷ್ಟು ಎಂಬ ಮಾತು ಮಾತ್ರ ಬರುವುದು ಅಪರೂಪ. ಬಂದರೂ, "ಅದೆಲ್ಲ ನಾನು ನೋಡಿಕೊಳ್ಳುತ್ತೇನೆ, ನಿನಗೇಕೆ ಆ ತಲೆನೋವು?" ಎಂಬ ಒಂದೇ ವಾಕ್ಯದಲ್ಲಿ ಅದು ಮುಗಿದುಹೋಗುತ್ತದೆ.

ಈ ವಾಕ್ಯವನ್ನು ಆಡುವವರು ಕೆಟ್ಟವರಲ್ಲ. ಬಹುಮಟ್ಟಿಗೆ ಅವರು ಮನೆಗಾಗಿ ದುಡಿದು ದಣಿಯುವವರು. ತಮ್ಮ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ಹಾಕಬಾರದೆಂಬ ಕನಿಕರದಿಂದಲೇ ಹೀಗೆ ಹೇಳುತ್ತಾರೆ. ಆದರೆ ಯಾರನ್ನು ಕಾಪಾಡಬೇಕೆಂದು ಅವರು ಬಯಸಿದ್ದರೋ ಅವರೇ ಮುಂದೊಂದು ದಿನ ಆ ಕನಿಕರದ ಬೆಲೆ ತೆರಬೇಕಾಗುತ್ತದೆ. ಮನೆಯ ಹಣದ ವಿಚಾರ ಕಡಿಮೆಯೆಂದರೆ ಇಬ್ಬರಿಗೆ ತಿಳಿದಿರಬೇಕು. ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ಮಾತು ಹಳೆಯದು, ಆದರೆ ಇಂದಿನ ದಿನಗಳಲ್ಲಿ ಅದಕ್ಕೆ ಹೊಸ ಅವಸರ ಬಂದಿದೆ. ಏಕೆಂಬುದನ್ನು ಕೊಂಚ ವಿಸ್ತಾರವಾಗಿ ನೋಡೋಣ.

ಹಣಕ್ಕೆ ಸಾಕ್ಷಿಯಿದ್ದ ಕಾಲ

ಹೊಟ್ಟೆಪಾಡಿಗೆಂದು ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರು ಹೊಟೇಲುಗಳಲ್ಲಿ, ಗಿರಣಿಗಳಲ್ಲಿ, ಆಫೀಸುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ತಿಂಗಳು ತಿಂಗಳೂ ಊರಿಗೆ ಮನಿಆರ್ಡರು ಕಳುಹಿಸುತ್ತಿದ್ದರು. ಆ ಮನಿಆರ್ಡರಿನ ಗುಣವೊಂದನ್ನು ಗಮನಿಸಬೇಕು. ಕಳುಹಿಸಿದವನ ಕೈಯಲ್ಲಿ ರಶೀದಿ. ಅಂಚೆಯವನು ಮನೆಬಾಗಿಲಿಗೆ ಬಂದು ಎಣಿಸಿ ಕೊಟ್ಟಾಗ ಪಡೆದವರ ರುಜು ಅಥವಾ ಹೆಬ್ಬೆಟ್ಟು. ಆ ರುಜುವಿನ ಚೀಟಿ ಮರಳಿ ಕಳುಹಿಸಿದವನ ಕೈಗೆ. ಫಾರಮ್ಮಿನಲ್ಲಿ ನಾಲ್ಕು ಸಾಲು ಬರೆಯಲು ಜಾಗ ಬೇರೆ: ಅಪ್ಪಯ್ಯನ ಔಷಧಿಗೆ ಇಷ್ಟು, ತಮ್ಮನ ಫೀಸಿಗೆ ಇಷ್ಟು. ಬಯಸಿದರೂ ಆ ಹಣವನ್ನು ಗುಟ್ಟಾಗಿಡುವುದು ಸಾಧ್ಯವಿರಲಿಲ್ಲ. ಮುಂಬಯಿಯಿಂದ ಹಣ ಬಂದ ಸುದ್ದಿ ಅಂಚೆಯವನು ಗದ್ದೆ ದಾಟುವ ಮೊದಲೇ ಕೇರಿಯನ್ನೆಲ್ಲ ಸುತ್ತಿ ಬಂದಿರುತ್ತಿತ್ತು.

ಉಳಿತಾಯದ ಸಂಗತಿಯೂ ಹಾಗೆಯೇ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಮಾತ್ರ ಉಳಿಸಬಲ್ಲವನ ಬಾಗಿಲಿಗೂ ಏಜಂಟನೇ ನಡೆದು ಬಂದು ಹಣ ಪಡೆದು, ಲೆಕ್ಕ ಬರೆದು ಹೋಗುವ ಏರ್ಪಾಡು ಅದು. ಯಜಮಾನ ಅಂಗಡಿಯಲ್ಲಿಲ್ಲದಿದ್ದರೆ ಹೆಂಡತಿ ಕೊಡುವಳು. ಆಕೆಗೆ ಕೈ ಬಿಡುವಿಲ್ಲದಿದ್ದರೆ ಮಗ ಕೊಡುವನು. ಹೀಗಾಗಿ ಪಿಗ್ಮಿಯಲ್ಲಿ ಎಷ್ಟು ಕೂಡಿದೆಯೆಂಬುದು ಮನೆಮಂದಿಗೆಲ್ಲ ಬಾಯಿಪಾಠವಾಗಿರುತ್ತಿತ್ತು.

ಇನ್ನು ಪಾಸ್‌ಬುಕ್ಕು. ಅದರ ಸ್ಥಾನ ಟ್ರಂಕಿನ ತಳ, ಧಾರೆ ಸೀರೆಯ ಕೆಳಗೆ. ಯಜಮಾನನು ಅಕಸ್ಮಾತ್ತಾಗಿ ಕಣ್ಣು ಮುಚ್ಚಿದರೆ, ಹದಿಮೂರು ದಿನ ಕಳೆದ ಮೇಲೆ ಯಾರಾದರೂ ಆ ಟ್ರಂಕನ್ನು ತೆರೆದರೆ ಸಾಕು. ಪಾಸ್‌ಬುಕ್ಕು, ವಿಮೆಯ ಪಾಲಿಸಿ, ಷೇರಿನ ಕಾಗದ ಎಲ್ಲ ಕಣ್ಣಿಗೆ ಬೀಳುತ್ತಿದ್ದವು. ಓದಲು ಬಾರದ ತಾಯಿಯೂ ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ಹೋಗಿ, "ಇದೇನು ನೋಡಿ ಹೇಳಿ ಸ್ವಾಮಿ" ಎಂದು ಕೇಳಬಹುದಿತ್ತು.

ಆ ಪಾಸ್‌ಬುಕ್ಕುಗಳಲ್ಲಿ ಕೆಲವು ಇಂದಿಗೂ ನಮ್ಮ ಮನೆಗಳಲ್ಲಿ ಇದ್ದಾವು. ಆದರೆ ಅವುಗಳ ಮೇಲಿನ ಹೆಸರುಗಳು ಈಗ ಬೀದಿಯ ಬೋರ್ಡುಗಳಿಂದ ಇಳಿದುಹೋಗಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ೧೯೩೧ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿದ್ದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ೧೯೦೬ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಕೂಡಿದವು. ಹೆಸರು ಹೋಯಿತೆಂದು ಹಣ ಹೋಗಲಿಲ್ಲ. ಹಳೆಯ ಪುಸ್ತಕವೊಂದು ಸಿಕ್ಕಿದರೆ ಅದನ್ನು ರದ್ದಿಯವನಿಗೆ ಹಾಕದೆ, ಈಗಿನ ಬ್ಯಾಂಕಿನ ಹತ್ತಿರದ ಶಾಖೆಯಲ್ಲಿ ವಿಚಾರಿಸುವುದು ಜಾಣತನ. ಕಾಗದಕ್ಕಿದ್ದ ಒಂದು ದೊಡ್ಡ ಗುಣವೇ ಇದು: ಬರೆದವನು ಹೋದ ಮೇಲೂ ಅದು ತಾನಾಗಿ ಸಾಕ್ಷಿ ನುಡಿಯುತ್ತದೆ.

ಕಿಸೆಯೊಳಗಿನ ಬ್ಯಾಂಕು

ಈಗ ಬ್ಯಾಂಕು ನಮ್ಮ ಕಿಸೆಯೊಳಗೇ ಬಂದು ಕುಳಿತಿದೆ. ೨೦೧೬ರಲ್ಲಿ ಆರಂಭವಾದ ಯುಪಿಐ ಎಂಬ ಹಣ ಪಾವತಿಯ ವ್ಯವಸ್ಥೆ ಹತ್ತು ವರ್ಷ ತುಂಬುವುದರೊಳಗೆ ದೇಶವನ್ನೆಲ್ಲ ವ್ಯಾಪಿಸಿತು. ೨೦೨೫ರ ಆಗಸ್ಟ್ ತಿಂಗಳೊಂದರಲ್ಲೇ ಅದರ ಮೂಲಕ ನಡೆದ ಪಾವತಿಗಳು ೨,೦೦೦ ಕೋಟಿಯನ್ನು ದಾಟಿದವು. ಕೊತ್ತಂಬರಿ ಸೊಪ್ಪಿನವಳ ಬುಟ್ಟಿಯ ಪಕ್ಕದಲ್ಲೂ ಚೌಕುಳಿ ಚಿತ್ರದ ಹಲಗೆಯೊಂದು ನಿಂತಿದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಚಿಲ್ಲರೆಗಾಗಿ ನಡೆಯುತ್ತಿದ್ದ ನಿತ್ಯದ ವಾಗ್ಯುದ್ಧ ಬಹುಮಟ್ಟಿಗೆ ನಿಂತಿತು. ಊರಿನಲ್ಲಿರುವ ಅಮ್ಮನಿಗೆ ಔಷಧಿಯ ಹಣ ಒಂದು ಗಳಿಗೆಯಲ್ಲಿ ತಲುಪುತ್ತದೆ. ಇಂಥ ಅನುಕೂಲವನ್ನು ಹಳಿಯುವವರಲ್ಲಿ ನಾವು ಸೇರಿದವರಲ್ಲ.

ಆದರೆ ಈ ಹೊಸ ಹಣಕ್ಕೆ ಸದ್ದಿಲ್ಲ. ಅದು ಯಾರ ಕಣ್ಣಿಗೂ ಬೀಳದೆ ಬರುತ್ತದೆ, ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಅಂಚೆಯವನಿಲ್ಲ, ಪಿಗ್ಮಿಯವನಿಲ್ಲ, ಎಷ್ಟೋ ಖಾತೆಗಳಿಗೆ ಪಾಸ್‌ಬುಕ್ಕೇ ಇಲ್ಲ. ಠೇವಣಿಯ ರಶೀದಿ ಮೊಬೈಲಿನಲ್ಲಿ, ವಿಮೆಯ ಪಾಲಿಸಿ ಇ-ಮೇಲಿನಲ್ಲಿ, ಷೇರು ಮತ್ತು ಮ್ಯೂಚುವಲ್ ಫಂಡು ಇನ್ನೊಂದು ಆ್ಯಪಿನಲ್ಲಿ. ಆ ಮೊಬೈಲಿಗೆ ಒಬ್ಬರದೇ ಬೆರಳಿನ ಗುರುತು, ಒಬ್ಬರಿಗೇ ಗೊತ್ತಿರುವ ಅಂಕಿ. ಅಜ್ಜನ ಟ್ರಂಕಿನ ಬೀಗವನ್ನು ಕಮ್ಮಾರನು ಒಡೆಯಬಲ್ಲವನಾಗಿದ್ದ. ಈ ಬೀಗವನ್ನು ಒಡೆಯುವ ಕಮ್ಮಾರ ಸುಲಭಕ್ಕೆ ಸಿಗುವುದಿಲ್ಲ.

ನಾವು ಬಲ್ಲ ಒಂದು ಮನೆಯ ಸಂಗತಿ ಇದೆ, ಹೆಸರು ಬೇಡ. ಉಪನಗರದಲ್ಲಿ ಸ್ವಂತ ಮನೆ, ಕಾಲೇಜಿಗೆ ಹೋಗುವ ಮಗ, ಒಳ್ಳೆಯ ಉದ್ಯೋಗದಲ್ಲಿದ್ದ ಯಜಮಾನರು. ವಯಸ್ಸು ಐವತ್ತು ದಾಟಿ ಒಂದೆರಡು ವರ್ಷ ಅಷ್ಟೆ. ಒಂದು ಬೆಳಿಗ್ಗೆ ಎದೆನೋವೆಂದು ಕುಳಿತವರು ಏಳಲಿಲ್ಲ. ಹೆಂಡತಿ ಪದವಿ ಪಡೆದವರು, ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದವರು. ಆದರೂ ಮನೆಯ ಗಣಿತ ಅವರಿಗೆ ಗೊತ್ತಿರಲಿಲ್ಲ. ಗೃಹಸಾಲದ ಕಂತು ಯಜಮಾನರ ಸಂಬಳದ ಖಾತೆಯಿಂದ ತಾನಾಗಿ ಕಡಿತವಾಗುತ್ತಿತ್ತು. ಸಂಬಳ ನಿಂತಿತು, ಕಂತು ತಪ್ಪಿತು, ದಂಡದ ಪತ್ರ ಬಂತು. ಮೊಬೈಲಿನ ಬೀಗ ತೆರೆಯಲಿಲ್ಲ. ರೀಚಾರ್ಜು ಮಾಡಬೇಕೆಂದು ಯಾರಿಗೂ ಹೊಳೆಯದೆ ಆ ನಂಬರೂ ಕೈತಪ್ಪಿತು. ಎಂಟು ತಿಂಗಳ ಮೇಲೆ ಬಂಧುವೊಬ್ಬರು ಬ್ಯಾಂಕಿನಿಂದ ಒಂದು ವರ್ಷದ ಲೆಕ್ಕದ ಹಾಳೆಗಳನ್ನು ತರಿಸಿ ಸಾಲು ಸಾಲಾಗಿ ನೋಡುವಾಗ, ವರ್ಷಕ್ಕೊಮ್ಮೆ ಕಟ್ಟಿದ ಒಂದು ಕಂತು ಕಣ್ಣಿಗೆ ಬಿತ್ತು. ದೊಡ್ಡ ಮೊತ್ತದ ಜೀವವಿಮೆಯೊಂದು ಅಲ್ಲಿತ್ತು! ಆ ಹಣ ಕೊನೆಗೆ ಕೈಸೇರಿತು. ಆದರೆ ಆ ಎಂಟು ತಿಂಗಳಲ್ಲಿ ಆಕೆ ಬಳೆ ಅಡವಿಟ್ಟು ಮಗನ ಫೀಸು ಕಟ್ಟಿದ್ದರು. ಯಜಮಾನರು ಮನೆಗೆ ಕೊಡೆ ತಂದಿಟ್ಟಿದ್ದರು. ಎಲ್ಲಿಟ್ಟಿದ್ದಾರೆಂದು ಹೇಳಿರಲಿಲ್ಲ, ಅಷ್ಟೇ.

ಈ ಸಂಗತಿಯಿಂದ ಎರಡು ಪಾಠಗಳನ್ನು ನಮ್ಮ ಓದುಗರು ಕೂಡಲೇ ತೆಗೆದುಕೊಳ್ಳಬಹುದು. ಒಂದು: ಇಂಥ ಆಪತ್ತು ಬಂದ ಮನೆಯಲ್ಲಿ ತೀರಿಕೊಂಡವರ ಮೊಬೈಲ್ ನಂಬರನ್ನು ಆತುರದಿಂದ ನಿಲ್ಲಗೊಡಬಾರದು. ಬಹುಕಾಲ ಬಳಸದ ನಂಬರನ್ನು ಕಂಪನಿಯವರು ಇನ್ನೊಬ್ಬರಿಗೆ ಕೊಟ್ಟುಬಿಡುವುದುಂಟು. ಎರಡು: ಏನೂ ತಿಳಿಯದಿದ್ದಾಗ, ಹಿಂದಿನ ಒಂದು ಪೂರ್ತಿ ವರ್ಷದ ಬ್ಯಾಂಕ್ ಲೆಕ್ಕವನ್ನು ಓದಬೇಕು. ವಿಮೆಯ ಕಂತು, ಲಾಕರಿನ ಬಾಡಿಗೆ, ಷೇರಿನ ಡಿವಿಡೆಂಡು, ಸಾಲದ ಬಡ್ಡಿ ಎಲ್ಲವೂ ವರ್ಷದಲ್ಲಿ ಒಮ್ಮೆಯಾದರೂ ಅಲ್ಲಿ ಹೆಜ್ಜೆಗುರುತು ಬಿಟ್ಟಿರುತ್ತವೆ. ಆದರೆ ಗುಪ್ತ ಅಂಕಿ ಗೊತ್ತಿದೆಯೆಂದು ತೀರಿಕೊಂಡವರ ಖಾತೆಯಿಂದ ಮೊಬೈಲಿನ ಮೂಲಕ ಹಣ ಎತ್ತುವುದು ಸಲ್ಲದು. ಅದರಲ್ಲಿ ಉಳಿದ ವಾರಸುದಾರರ ಹಕ್ಕೂ ಇರುತ್ತದೆ. ಬ್ಯಾಂಕಿಗೆ ತಿಳಿಸಿ, ಅರ್ಜಿ ಕೊಟ್ಟು ಪಡೆಯುವುದೇ ನೇರವಾದ ದಾರಿ.

ಕೇಳುವವರಿಲ್ಲದ ಹಣ

ಯಾರಿಗೂ ತಿಳಿಯದ ಹಣ ಏನಾಗುತ್ತದೆ? ಎರಡು ವರ್ಷ ಖಾತೆದಾರರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವೆಂದು ಗುರುತಾಗುತ್ತದೆ. ಹತ್ತು ವರ್ಷ ಕಳೆದರೂ ಯಾರೂ ಕೇಳದ ಠೇವಣಿಯನ್ನು, ರಿಸರ್ವ್ ಬ್ಯಾಂಕು ೨೦೧೪ರಲ್ಲಿ ಸ್ಥಾಪಿಸಿದ ಒಂದು ನಿಧಿಗೆ ಬ್ಯಾಂಕುಗಳು ವರ್ಗಾಯಿಸುತ್ತವೆ. ಹಾಗೆಂದು ಅದು ಮುಳುಗಿಹೋಯಿತೆಂದಲ್ಲ. ಖಾತೆದಾರರೋ ಅವರ ವಾರಸುದಾರರೋ ಆ ಮೇಲೂ ತಮ್ಮ ಬ್ಯಾಂಕಿಗೆ ಹೋಗಿ ಕೇಳಿ ಪಡೆಯಬಹುದು. ಇಂಥ ಠೇವಣಿಗಳನ್ನು ಹೆಸರಿನಿಂದ ಹುಡುಕಲು ಅನುಕೂಲವಾಗುವಂತೆ ರಿಸರ್ವ್ ಬ್ಯಾಂಕು ೨೦೨೩ರ ಆಗಸ್ಟ್‌ನಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನು ತೆರೆಯಿತು. ತೀರಿಕೊಂಡ ಅಪ್ಪನ ಹೆಸರು, ಪ್ಯಾನ್ ಅಂಕಿ ಅಥವಾ ಜನ್ಮದಿನಾಂಕ ಇಷ್ಟನ್ನು ಇಟ್ಟುಕೊಂಡು ಯಾವ ಯಾವ ಬ್ಯಾಂಕಿನಲ್ಲಿ ಏನಾದರೂ ಉಳಿದಿದೆಯೇ ಎಂದು ಮನೆಯಲ್ಲೇ ಕುಳಿತು ನೋಡಬಹುದು.

ವಿಮೆಯ ಹಣವನ್ನು ಹತ್ತು ವರ್ಷ ಯಾರೂ ಕೇಳದಿದ್ದರೆ ಅದು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಷೇರುಗಳ ಡಿವಿಡೆಂಡನ್ನು ಏಳು ವರ್ಷ ಸತತವಾಗಿ ಯಾರೂ ಪಡೆಯದಿದ್ದರೆ, ಡಿವಿಡೆಂಡಿನೊಡನೆ ಆ ಷೇರುಗಳೂ ಸರಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತವೆ. ಇವನ್ನೂ ಮರಳಿ ಪಡೆಯಲು ದಾರಿಯುಂಟು. ಆದರೆ ಆ ದಾರಿ ಉದ್ದ, ಕಾಗದಪತ್ರಗಳು ಬಹಳ. ಹನಿ ಹನಿ ಕೂಡಿ ಹಳ್ಳವಾಯಿತು, ಸರಿ. ಹಳ್ಳ ಎಲ್ಲಿದೆಯೆಂದು ಮನೆಯವರಿಗೆ ತಿಳಿಯದಿದ್ದರೆ ಕೂಡಿಸಿದ ಪ್ರಯೋಜನವೇನು?

ಹೆಸರು ಬರೆಸಿದರೆ ಮುಗಿಯಿತೇ?

"ನಾಮಿನಿಯ ಹೆಸರು ಬರೆಸಿದ್ದೇವೆ, ಇನ್ನೇನು ಚಿಂತೆ?" ಎನ್ನುವವರಿದ್ದಾರೆ. ಬರೆಸಿರುವುದು ಒಳ್ಳೆಯದೇ. ಆದರೆ ಯಾವಾಗ ಬರೆಸಿದ್ದು, ಯಾರ ಹೆಸರನ್ನು ಬರೆಸಿದ್ದು ಎಂಬುದನ್ನು ಒಮ್ಮೆ ತೆರೆದು ನೋಡಬೇಕು. ಬ್ರಹ್ಮಚಾರಿಯಾಗಿದ್ದಾಗ ತಾಯಿಯ ಹೆಸರನ್ನು ಬರೆಸಿ, ತಾಯಿ ತೀರಿಕೊಂಡು ಎಷ್ಟೋ ವರ್ಷವಾದರೂ ಅದನ್ನು ಬದಲಿಸದೆ ಬಿಟ್ಟಿರುವವರು ನಮ್ಮಲ್ಲಿ ಕಡಿಮೆಯಿಲ್ಲ.

ಇಲ್ಲಿ ತಿಳಿದಿರಬೇಕಾದ ಸೂಕ್ಷ್ಮವೊಂದಿದೆ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ, ನಿಜ. ಆದರೆ ನಾಮಿನಿಯೆಂದ ಮಾತ್ರಕ್ಕೆ ಅವರು ಆ ಹಣದ ಒಡೆಯರಾಗುವುದಿಲ್ಲ. ವಾರಸುದಾರರ ಪರವಾಗಿ ಅದನ್ನು ಪಡೆಯುವವರು ಮಾತ್ರ. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟು ೨೦೨೩ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಜೀವವಿಮೆಗೆ ಮಾತ್ರ ೨೦೧೫ರ ತಿದ್ದುಪಡಿಯಿಂದ ಬೇರೆ ನಿಯಮ ಬಂದಿದೆ: ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಸಾಮಾನ್ಯವಾಗಿ ಆ ಹಣ ಅವರದೇ. ಉಯಿಲು ಬರೆಯದೆ ಹೋದ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ, ೧೯೫೬ರ ವಾರಸು ಕಾನೂನಿನಂತೆ, ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು; ಅವರ ಜೊತೆಗೆ ಬದುಕಿರುವ ತಾಯಿಗೂ ಒಂದು ಪಾಲು. ಈ ಕೊನೆಯ ಮಾತನ್ನು ಬಹುಮಂದಿ ಮರೆಯುತ್ತಾರೆ. ಅದರಿಂದಲೇ ಅತ್ತೆ ಸೊಸೆಯರ ನಡುವೆ, ಅಣ್ಣತಮ್ಮಂದಿರ ನಡುವೆ ಮನಸ್ತಾಪ ಹುಟ್ಟುತ್ತದೆ.

೨೦೨೫ರ ನವೆಂಬರ್ ೧ರಿಂದ ಬ್ಯಾಂಕ್ ಠೇವಣಿಗಳಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ ಬಂದಿದೆ. ಒಬ್ಬೊಬ್ಬರಿಗೆ ಇಷ್ಟಿಷ್ಟು ಭಾಗವೆಂದು ಬರೆಸಬಹುದು. ಅಥವಾ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು ಎಂದು ಸರದಿಯಂತೆ ಬರೆಸಬಹುದು. ಲಾಕರಿಗಾದರೆ ಸರದಿಯ ಕ್ರಮವೊಂದೇ. ಇನ್ನು ಗಂಡಹೆಂಡಿರ ಜಂಟಿ ಖಾತೆಯನ್ನು 'ಇಬ್ಬರಲ್ಲೊಬ್ಬರು ಅಥವಾ ಉಳಿದವರು' ಎಂಬ ಕರಾರಿನ ಮೇಲೆ ತೆರೆದಿದ್ದರೆ, ದುಃಖದ ದಿನಗಳಲ್ಲಿ ಮನೆಖರ್ಚಿಗೆ ತೊಡಕಾಗುವುದಿಲ್ಲ. ಜಂಟಿ ಹೆಸರೂ ಇಲ್ಲ, ನಾಮಿನಿಯೂ ಇಲ್ಲ ಎಂದಾದರೆ ವಾರಸುದಾರರ ಒಪ್ಪಿಗೆ ಪತ್ರ, ಹೊಣೆಪತ್ರ, ಕೆಲವೊಮ್ಮೆ ಕೋರ್ಟಿನ ವಾರಸು ಪತ್ರ, ಹೀಗೆ ಅಲೆದಾಟ ಬೆಳೆಯುತ್ತದೆ.

ಆಸ್ತಿ ಸಣ್ಣದಾದರೂ ಒಂದು ಉಯಿಲು ಬರೆದಿಡುವುದು ಒಳ್ಳಿತು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ; ನೋಂದಣಿ ಮಾಡಿಸಿದರೆ ಮೇಲು, ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಬರೆದವರು ಸ್ವಸ್ಥ ಬುದ್ಧಿಯಿಂದ ರುಜು ಹಾಕಬೇಕು, ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಆ ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿ ಮಾಡಬಾರದು.

ಗುಟ್ಟು ಕಳ್ಳನ ಗೆಳೆಯ

ಹಣದ ಗುಟ್ಟಿನಿಂದ ಆಗುವ ಕೇಡು ಸಾವಿನ ಮನೆಗೆ ಮಾತ್ರ ಸೀಮಿತವಲ್ಲ. ಬದುಕಿರುವವರನ್ನೂ ಅದು ಕಾಡುತ್ತದೆ. ಈಚಿನ ವರ್ಷಗಳಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಮೋಸದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಪೊಲೀಸರೆಂದೋ, ಕಸ್ಟಮ್ಸ್‌ನವರೆಂದೋ ಹೇಳಿಕೊಂಡು ಯಾರೋ ವಿಡಿಯೋದಲ್ಲಿ ಬರುತ್ತಾರೆ. ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತಾರೆ. ತನಿಖೆ ಮುಗಿಯುವವರೆಗೆ ಹಣವನ್ನು ನಾವು ಹೇಳಿದ ಖಾತೆಗೆ ಹಾಕಿ ಎನ್ನುತ್ತಾರೆ. ಹೀಗೆ ಮೊಬೈಲಿನ ಮೂಲಕ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಆದರೂ ನಿವೃತ್ತ ಅಧಿಕಾರಿಗಳು, ವೈದ್ಯರು, ಉಪಾಧ್ಯಾಯರು ಇದಕ್ಕೆ ಬಲಿಯಾಗಿದ್ದಾರೆ.

ಈ ವಂಚಕರ ಮೊದಲ ಆಜ್ಞೆ ಏನು ಗೊತ್ತೆ? "ಈ ವಿಷಯ ಯಾರಿಗೂ ಹೇಳಬೇಡಿ, ಮನೆಯವರಿಗೂ ಹೇಳಬೇಡಿ." ಅವರ ಕಸುಬೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಎರಡನೆಯ ಕಿವಿಗೆ ವಿಷಯ ಬಿದ್ದರೆ ಅವರ ಆಟ ಮುಗಿದಂತೆಯೇ. ಪಕ್ಕದ ಕೋಣೆಯಲ್ಲಿರುವ ಸೊಸೆಯಾಗಲಿ, ಹನ್ನೆರಡು ವರ್ಷದ ಮೊಮ್ಮಗನಾಗಲಿ, "ಅಜ್ಜ, ಇದು ಮೋಸ" ಎಂದು ಹೇಳಿಬಿಟ್ಟಾರು. ಹಣದ ಮಾತನ್ನು ಮನೆಯಲ್ಲಿ ಆಡಿ ರೂಢಿಯಿಲ್ಲದವರಿಗೆ ಆ ಗಳಿಗೆಯಲ್ಲಿ ಬಾಯಿ ಬರುವುದಿಲ್ಲ. ರೂಢಿಯಿದ್ದವರು ಸಹಜವಾಗಿಯೇ ಕರೆದು ಕೇಳುತ್ತಾರೆ.

ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ಕಟ್ಟಳೆಯಿರಲಿ: ಇಂತಿಷ್ಟಕ್ಕಿಂತ ಹೆಚ್ಚಿನ ಮೊತ್ತವನ್ನು ಹೊಸಬರ ಖಾತೆಗೆ ಕಳುಹಿಸುವ ಮೊದಲು ಮನೆಯ ಇನ್ನೊಬ್ಬರಿಗೆ ಹೇಳಬೇಕು. ಅವಸರವೆಂದು ಎಷ್ಟೇ ಕೂಗಿದರೂ ಸರಿ, ಹೇಳದೆ ಕಳುಹಿಸಬಾರದು. ಯುಪಿಐಯ ಗುಪ್ತ ಅಂಕಿ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಇಷ್ಟನ್ನು ಮನೆಯ ಹಿರಿಯರಿಗೆ ಎರಡು ಸಲ ಹೇಳಿಕೊಟ್ಟರೆ ಅರ್ಧ ಮೋಸ ತಪ್ಪೀತು. ಹಾಗೂ ಹಣ ಹೋಯಿತೆಂದರೆ ಅಳುತ್ತ ಕೂಡದೆ, ಆ ಕ್ಷಣವೇ ೧೯೩೦ ಎಂಬ ಸಹಾಯವಾಣಿಗೆ ಕರೆ ಮಾಡಬೇಕು. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ. ಇಲ್ಲಿಯೂ ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು ಕಳೆದುಕೊಳ್ಳುವವರು.

ನೂರು ಪುಟದ ಒಂದು ನೋಟುಪುಸ್ತಕ

ಇಷ್ಟೆಲ್ಲಕ್ಕೆ ನಾವು ಸೂಚಿಸುವ ಉಪಾಯ ಬಹಳ ಸಣ್ಣದು: ಗಟ್ಟಿ ರಟ್ಟಿನ ಒಂದು ನೋಟುಪುಸ್ತಕ. ಅದರಲ್ಲಿ ಮನೆಗೆ ಸೇರಿದ ಇಷ್ಟು ವಿಷಯಗಳನ್ನು ದುಂಡಗೆ ಬರೆಯಬೇಕು. ಬ್ಯಾಂಕು ಮತ್ತು ಅಂಚೆ ಖಾತೆಗಳು: ಯಾವ ಶಾಖೆ, ಯಾರ ಹೆಸರು, ಯಾರು ನಾಮಿನಿ. ಠೇವಣಿಗಳು ಮತ್ತು ಅವುಗಳ ಅವಧಿ ಮುಗಿಯುವ ದಿನ. ವಿಮೆಗಳು: ಪಾಲಿಸಿಯ ಸಂಖ್ಯೆ, ಕಂತು ಕಟ್ಟುವ ತಿಂಗಳು. ಆಸ್ಪತ್ರೆಯ ವಿಮೆಯ ಕಾರ್ಡು ಎಲ್ಲಿದೆ. ಭವಿಷ್ಯನಿಧಿ, ಪಿಂಚಣಿ. ಷೇರು, ಮ್ಯೂಚುವಲ್ ಫಂಡು. ಲಾಕರಿನ ಕೀಲಿ. ಮನೆಯ ಕರಾರುಪತ್ರ, ಸೊಸೈಟಿಯ ಷೇರು ಪ್ರಮಾಣಪತ್ರ. ಊರಿನಲ್ಲಿ ತುಂಡು ಭೂಮಿಯಿದ್ದರೆ ಅದರ ಪಹಣಿ. ಕೊಡಬೇಕಾದ ಸಾಲ. ಇದನ್ನು ಮರೆಯಬಾರದು, ಕೈಗಡವೂ ಸಾಲವೇ. ಬರಬೇಕಾದ ಹಣ. ಯಾವ ಯಾವ ಕಂತು ಯಾವ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ ಎಂಬ ಪಟ್ಟಿ. ಉಯಿಲಿದ್ದರೆ ಅದು ಇರುವ ಜಾಗ.

ಬರೆಯಬಾರದ್ದೂ ಒಂದಿದೆ. ಎಟಿಎಂ ಕಾರ್ಡಿನ ಅಂಕಿ, ಯುಪಿಐಯ ಅಂಕಿ, ಬ್ಯಾಂಕಿನ ಪಾಸ್‌ವರ್ಡು, ಇವನ್ನು ಈ ಪುಸ್ತಕದಲ್ಲಿ ಬರೆಯಕೂಡದು. ಹಣ ಎಲ್ಲಿದೆಯೆಂದು ತಿಳಿದರೆ ಸಾಕು. ವಾರಸುದಾರರು ಅದನ್ನು ಕಾನೂನಿನ ದಾರಿಯಿಂದ ಪಡೆಯಲು ಆ ಅಂಕಿಗಳು ಬೇಕಾಗುವುದಿಲ್ಲ. ಮೊಬೈಲಿನ ಬೀಗ ತೆರೆಯುವ ಅಂಕಿಯನ್ನು ಮಾತ್ರ ಗಂಡಹೆಂಡಿರು ಪರಸ್ಪರ ತಿಳಿದಿರುವುದು ಮೇಲು. ಆಸ್ಪತ್ರೆಗೆ ಓಡುವ ಹೊತ್ತಿನಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಇ-ಮೇಲು ಮತ್ತು ಚಿತ್ರಗಳ ಸಲುವಾಗಿ ಗೂಗಲ್‌ನವರೂ ಆ್ಯಪಲ್‌ನವರೂ ನಂಬಿಕೆಯ ವ್ಯಕ್ತಿಯೊಬ್ಬರನ್ನು ಮೊದಲೇ ಹೆಸರಿಸುವ ಅನುಕೂಲವನ್ನು ಕಲ್ಪಿಸಿದ್ದಾರೆ. ಮನೆಯ ಹುಡುಗರು ಹತ್ತು ನಿಮಿಷದಲ್ಲಿ ಅದನ್ನು ಮಾಡಿಕೊಟ್ಟಾರು.

ಪುಸ್ತಕ ಬರೆದಿಟ್ಟು ಮರೆತರೂ ಪ್ರಯೋಜನವಿಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ತೆರೆದು ತಿದ್ದಬೇಕು. ದೀಪಾವಳಿಯಲ್ಲಿ ವ್ಯಾಪಾರಸ್ಥರು ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜಿಸುವುದನ್ನು ಮುಂಬಯಿಯಲ್ಲಿ ಕಾಣುತ್ತೇವೆ. ಲಕ್ಷ್ಮಿಯನ್ನು ಬರಮಾಡಿಕೊಳ್ಳುವವರು ಅವಳ ವಿಳಾಸವನ್ನೂ ಬರೆದಿಟ್ಟುಕೊಳ್ಳುವುದು ನ್ಯಾಯವೇ ಅಲ್ಲವೆ? ಒಂದು ತಿಂಗಳಾದರೂ ವಿದ್ಯುತ್ತಿನ ಬಿಲ್ಲು, ಸೊಸೈಟಿಯ ಹಣ, ಶಾಲೆಯ ಫೀಸು ಇವನ್ನು ಮನೆಯ ಇನ್ನೊಬ್ಬರ ಕೈಯಿಂದ ಕಟ್ಟಿಸಿ ನೋಡಬೇಕು. ಈಜನ್ನು ದಂಡೆಯಲ್ಲಿ ಕುಳಿತು ಕಲಿಯಲಾಗದು.

ಬರುವ ಆಕ್ಷೇಪಗಳು

"ಸಾವಿನ ಮಾತು ಆಡುವುದು ಅಶುಭ" ಎನ್ನುವರು ಕೆಲವರು. ಮಳೆಗಾಲಕ್ಕೆ ಮೊದಲು ಮಾಡಿಗೆ ಹಂಚು ಹೊದೆಸಿದ್ದರಿಂದ ಮಳೆ ಹೆಚ್ಚಾಯಿತೆಂದು ಯಾರೂ ಹೇಳಿದ್ದಿಲ್ಲ.

"ಹೇಳಿದರೆ ಮಕ್ಕಳ ಕಣ್ಣು ಹಣದ ಮೇಲೆ ಬೀಳುತ್ತದೆ, ಆಮೇಲೆ ನಮ್ಮ ಮಾತು ನಡೆಯುವುದಿಲ್ಲ" ಎಂಬುದು ಹಿರಿಯರ ಅಂಜಿಕೆ. ಇದನ್ನು ನಗೆಯಾಡಿ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಇಂಥ ಮನೆಗಳೂ ಇವೆ. ಆದರೆ ತಿಳಿಸುವುದು ಬೇರೆ, ಒಪ್ಪಿಸುವುದು ಬೇರೆ. ಎಲ್ಲಿದೆಯೆಂದು ತಿಳಿಸಿದ ಮಾತ್ರಕ್ಕೆ ರುಜುವಿನ ಅಧಿಕಾರ ಕೈಬಿಟ್ಟು ಹೋಗುವುದಿಲ್ಲ. ಬದುಕಿರುವವರೆಗೆ ಹಣ ನಿಮ್ಮದೇ, ಮಾತೂ ನಿಮ್ಮದೇ. ಮನೆಯೊಳಗಿನವರನ್ನೇ ನಂಬಲಾಗದ ಸ್ಥಿತಿಯಿದ್ದರೆ, ಉದಾಹರಣೆಗೆ ಗಂಡನಿಗೆ ಕುಡಿತದ, ಜೂಜಿನ ಚಟವಿದ್ದರೆ, ಆ ಎರಡನೆಯ ಕಣ್ಣು ತಂಗಿಯದಾಗಲಿ, ಅಕ್ಕನ ಮಗನದಾಗಲಿ. ಇಬ್ಬರಿಗೆ ತಿಳಿದಿರಬೇಕೆಂದೆವು, ಆ ಇನ್ನೊಬ್ಬರು ಇಂಥವರೇ ಆಗಬೇಕೆಂದು ನಾವು ಹೇಳಲಿಲ್ಲ.

ಇನ್ನು ಹೆಂಗಸರ ಸಾಸಿವೆ ಡಬ್ಬಿಯ ಹಣ. ತರಕಾರಿಯಲ್ಲಿ ಉಳಿಸಿದ್ದು, ತವರಿನವರು ಕೈಗಿತ್ತದ್ದು, ಹೊಲಿಗೆಯಿಂದ ಬಂದದ್ದು. ಇದನ್ನು ಹಾಸ್ಯ ಮಾಡುವ ಗಂಡಸರು, ತಮ್ಮ ಕೆಲಸ ತಪ್ಪಿದ ತಿಂಗಳು ಮನೆ ನಡೆದದ್ದು ಅದೇ ಡಬ್ಬಿಯಿಂದ ಎಂಬುದನ್ನು ನೆನೆಯಬೇಕು. ಆದರೆ ೨೦೧೬ರ ನವೆಂಬರ್ ೮ರ ರಾತ್ರಿ ಐನೂರರ, ಸಾವಿರದ ನೋಟುಗಳು ರದ್ದಾದಾಗ ಆ ಡಬ್ಬಿಗಳೆಲ್ಲ ಒಮ್ಮೆಲೇ ಬಾಯಿ ತೆರೆಯಬೇಕಾಯಿತು. ನೋಟುಗಳನ್ನು ಬ್ಯಾಂಕಿಗೆ ಕಟ್ಟಲು ಕೊಟ್ಟದ್ದು ಆ ವರ್ಷದ ಡಿಸೆಂಬರ್ ೩೦ರವರೆಗಿನ ಗಡುವು. ಎಲ್ಲೋ ಇಟ್ಟು ಮರೆತವರ ನೋಟು ಬರಿಯ ಕಾಗದವಾಯಿತು. ಆಕೆಯ ಹಣ ಆಕೆಯದೇ ಆಗಿರಲಿ. ಆದರೆ ಅದು ಆಕೆಯ ಹೆಸರಿನ ಖಾತೆಯಲ್ಲಿ, ಆಕೆ ಬರೆಸಿದ ನಾಮಿನಿಯೊಡನೆ ಇರಲಿ. ಗಂಡನು ಆ ಖಾತೆಯಿರುವುದನ್ನು ತಿಳಿದಿದ್ದರೆ ಸಾಕು, ಅದಕ್ಕೆ ಕೈಹಾಕುವ ಕಾರಣವಿಲ್ಲ.

ಊರಿನಿಂದ ದೂರ ಬಂದು ನೆಲೆಸಿದ ನಮ್ಮಂಥವರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಊರಿನಲ್ಲಾದರೆ ಕಷ್ಟಕ್ಕೆ ದೊಡ್ಡಪ್ಪ, ಚಿಕ್ಕಪ್ಪ, ಶಾನುಭೋಗರ ಮನೆಯವರು ಓಡಿಬರುತ್ತಿದ್ದರು. ಯಾರ ಗದ್ದೆ ಎಲ್ಲಿದೆಯೆಂದು ಹತ್ತು ಮಂದಿಗೆ ಗೊತ್ತಿರುತ್ತಿತ್ತು. ಇಲ್ಲಿ ಮೂರು ಕೋಣೆಯ ಮನೆಯೊಳಗೆ ಮೂವರಿದ್ದೇವೆ, ಮಗಳು ಪರದೇಶದಲ್ಲಿದ್ದಾಳೆ. ಒಬ್ಬರ ತಲೆಯೊಳಗಿರುವ ಲೆಕ್ಕ ಆ ಒಬ್ಬರ ಜೊತೆಗೇ ಹೋದೀತು. ನಮ್ಮ ಸಂಘಗಳಲ್ಲಿ ನಿವೃತ್ತ ಬ್ಯಾಂಕು ನೌಕರರಿಗೆ ಕೊರತೆಯಿಲ್ಲ; ಭಾನುವಾರ ಒಂದು ಗಂಟೆ ಕುಳಿತು ನಾಲ್ಕು ಮನೆಯವರಿಗೆ ಈ ಪುಸ್ತಕ ಬರೆಯಲು ಕಲಿಸಿದರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೆ ಬೇಕಿಲ್ಲ.

ಮೂವತ್ತು ರೂಪಾಯಿಯ ನೋಟುಪುಸ್ತಕ, ಒಂದು ಸಂಜೆಯ ಬಿಡುವು, ಒಂದು ಲೋಟ ಕಾಫಿ, ಬೇಕಾಗುವುದು ಇಷ್ಟೇ. "ಬಾ, ಇಲ್ಲಿ ಕುಳಿತುಕೊ, ನಮ್ಮದು ಏನೇನು ಎಲ್ಲೆಲ್ಲಿದೆ ಎಂದು ನೋಡೋಣ" ಎಂದು ಮನೆಯಾಕೆಯನ್ನು ಕರೆಯುವ ಯಜಮಾನರು, "ಬನ್ನಿ, ಈ ಲೆಕ್ಕ ನನಗೂ ಹೇಳಿಕೊಡಿ" ಎಂದು ಯಜಮಾನರನ್ನು ಕೂಡಿಸುವ ಗೃಹಿಣಿ, ಇಬ್ಬರಲ್ಲಿ ಯಾರು ಮೊದಲು ಬಾಯಿ ತೆರೆದರೂ ಸರಿಯೇ. ಈ ಸಂಚಿಕೆಯನ್ನು ಓದಿ ಮಡಿಸಿಡುವ ಮುನ್ನ ಆ ಸಂಜೆ ಯಾವುದೆಂದು ಗೊತ್ತುಮಾಡಿಕೊಳ್ಳುವುದು ಒಳ್ಳಿತು.